ಬೆನ್ನುನೋವಿನ ಮಾತ್ರೆ ಬಂದ ದಾರಿ

ಶಾಲೆಯಲ್ಲಿ ದಿನದ ಕೊನೆಯ ಪೀರಿಯಡ್ಡು. ಕೈಜಾರಿ ಬಿದ್ದ ಸೀಮೆಸುಣ್ಣವನ್ನು ಎತ್ತಿಕೊಳ್ಳಲು ಬಗ್ಗುತ್ತೀರಿ. ಸೊಂಟದಲ್ಲಿ ಛಳಕ್ಕೆಂದು ನೋವು ಹೊಡೆಯುತ್ತದೆ. ಮತ್ತೆ ನೆಟ್ಟಗಾಗಲು ಮೇಜಿನ ಅಂಚು ಹಿಡಿಯಬೇಕಾಗುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ಔಷಧದ ಅಂಗಡಿಯವರಿಗೆ ‘ಸೊಂಟ ಹಿಡ್ಕೊಂಡಿದೆ’ ಎಂದರೆ ಸಾಕು; ಅವರು ಒಂದು ಪಟ್ಟಿ ತೆಗೆದು, ಕತ್ತರಿಯಿಂದ ಆರು ಮಾತ್ರೆ ಕತ್ತರಿಸಿ, ‘ಊಟ ಆದ್ಮೇಲೆ ತಗೊಳ್ಳಿ ಸಾರ್’ ಎನ್ನುತ್ತಾರೆ. (ವೈದ್ಯರ ಚೀಟಿ ಕೇಳಬೇಕೆಂಬ ನಿಯಮ ಎಷ್ಟು ಪಾಲನೆಯಾಗುತ್ತದೆಂದು ನಿಮಗೂ ಗೊತ್ತು.) ಮೂರು ನಾಲ್ಕು ದಿನಗಳಲ್ಲಿ ನೋವು ಇಳಿಯುತ್ತದೆ. ಮಾತ್ರೆ ಕೆಲಸ ಮಾಡಿತು ಎಂದು ತೀರ್ಮಾನಿಸುತ್ತೀರಿ. ನಾನೂ ಹಲವು ಸಲ ಹಾಗೆಯೇ ತೀರ್ಮಾನಿಸಿದವನು.

ಆ ಪಟ್ಟಿಯ ಹಿಂಬದಿಯನ್ನು ಒಮ್ಮೆ ತಿರುಗಿಸಿ ಓದಿ. ಸಾಮಾನ್ಯವಾಗಿ ಅಲ್ಲಿ ಸಣ್ಣ ಅಕ್ಷರಗಳಲ್ಲಿ ಎರಡು ಅಥವಾ ಮೂರು ಹೆಸರುಗಳಿರುತ್ತವೆ. ಡೈಕ್ಲೋಫೆನಾಕ್ ಅಥವಾ ಅದರ ಬಳಗದ ಇನ್ನೊಂದು ಮದ್ದು, ಪ್ಯಾರಾಸಿಟಮಾಲ್, ಜೊತೆಗೆ ಸ್ನಾಯುಗಳನ್ನು ಸಡಿಲಿಸುತ್ತದೆ ಎನ್ನಲಾಗುವ ಮತ್ತೊಂದು. ವಿಚಿತ್ರವೆಂದರೆ ಈ ಮೂರು ಬಗೆಗಳಲ್ಲಿ ಯಾವುದೂ ಬೆನ್ನುನೋವಿಗೆಂದು ಹುಟ್ಟಿದ್ದಲ್ಲ. ಮೊದಲನೆಯದು ಸಂಧಿವಾತಕ್ಕಾಗಿ ನಡೆದ ಹುಡುಕಾಟದ ಫಲ. ಎರಡನೆಯದರ ಮೂಲ ಜ್ವರದ ಮದ್ದು. ಮೂರನೆಯದರ ಬೇರು ಪೆನಿಸಿಲಿನ್ ಕೆಡದಂತೆ ಕಾಪಾಡುವ ಪ್ರಯತ್ನದಲ್ಲಿದೆ. ಇವೆಲ್ಲ ನಮ್ಮ ಸೊಂಟದವರೆಗೆ ಹೇಗೆ ಬಂದವು? ಬಂದ ಮೇಲೆ ಅಲ್ಲಿ ನಿಜವಾಗಿಯೂ ಕೆಲಸ ಮಾಡುತ್ತವೆಯೇ ಎಂದು ಯಾರಾದರೂ ಪರೀಕ್ಷಿಸಿದರೇ? ಎರಡನೆಯ ಪ್ರಶ್ನೆಯನ್ನು ಗಂಭೀರವಾಗಿ ಕೇಳಲು ವೈದ್ಯವಿಜ್ಞಾನ ಬಹಳ ಕಾಲ ತೆಗೆದುಕೊಂಡಿತು.

ಅದಕ್ಕೊಂದು ಕಾರಣ ಬೆನ್ನುನೋವಿನ ಸ್ವಭಾವದಲ್ಲೇ ಇದೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಕೆಳಬೆನ್ನಿನ ನೋವಿತ್ತೆಂದು ಅಂದಾಜಿದೆ. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ನೋವಿಗೆ ಇಂಥದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಹೊಸದಾಗಿ ಬಂದ ನೋವು ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ತಾನಾಗಿ ತಗ್ಗುತ್ತದೆ. ಶೀತಕ್ಕೆ ಮದ್ದು ಮಾಡಿದರೆ ಏಳು ದಿನ, ಮಾಡದಿದ್ದರೆ ಒಂದು ವಾರ ಎಂಬ ಹಾಸ್ಯದ ಮಾತು ಸೊಂಟಕ್ಕೂ ಬಹಳಮಟ್ಟಿಗೆ ಹೊಂದುತ್ತದೆ. ತಾನಾಗಿ ಇಳಿಯುವ ನೋವಿಗೆ ಯಾವ ಮದ್ದು ಕೊಟ್ಟರೂ ಹೊಗಳಿಕೆ ಮದ್ದಿಗೇ ಸಲ್ಲುತ್ತದೆ.

ವಿಲೋ ಮರದ ತೊಗಟೆ

ಕ್ರಿಕೆಟ್ ಬ್ಯಾಟು ಮಾಡುವ ಬಿಳಿ ವಿಲೋ ಮರ ನಿಮಗೆ ಗೊತ್ತಿರಬಹುದು. ಇಂಗ್ಲೆಂಡಿನ ಚಿಪಿಂಗ್ ನಾರ್ಟನ್ ಎಂಬ ಊರಿನಲ್ಲಿದ್ದ ಪಾದ್ರಿ ಎಡ್ವರ್ಡ್ ಸ್ಟೋನ್ ಒಮ್ಮೆ ಅದರ ತೊಗಟೆಯನ್ನು ಅಗಿದು ನೋಡಿದರು. ಅದು ಅತಿ ಕಹಿಯಾಗಿತ್ತು. ಮಲೇರಿಯಾದಂಥ ಚಳಿಜ್ವರಕ್ಕೆ ಆಗ ಕೊಡುತ್ತಿದ್ದ ಸಿಂಕೋನ ತೊಗಟೆಯೂ ಕಹಿಯೇ, ದುಬಾರಿ ಬೇರೆ. ಚಳಿಜ್ವರ ಹೆಚ್ಚಿರುವುದು ಜೌಗು ನೆಲದಲ್ಲಿ, ವಿಲೋ ಬೆಳೆಯುವುದೂ ಅಲ್ಲೇ. ರೋಗವಿರುವಲ್ಲಿಯೇ ಅದರ ಮದ್ದನ್ನೂ ಇಟ್ಟಿರಬೇಕು ಎಂಬುದು ಅವರ ತರ್ಕ. ಸ್ಟೋನ್ ತೊಗಟೆಯನ್ನು ಬ್ರೆಡ್ ಸುಡುವ ಒಲೆಯ ಮೇಲೆ ಮೂರು ತಿಂಗಳಿಗೂ ಹೆಚ್ಚು ಕಾಲ ಒಣಗಿಸಿ, ಪುಡಿ ಮಾಡಿ, ಸುಮಾರು 50 ರೋಗಿಗಳಿಗೆ ಕೊಟ್ಟರು. 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ಫಲಿತಾಂಶ ತಿಳಿಸಿದರು. ಸೊಸೈಟಿಯ ಪತ್ರಿಕೆ ಅದನ್ನು ಪ್ರಕಟಿಸಿತು, ಆದರೆ ಹೆಸರನ್ನು ‘ಎಡ್ಮಂಡ್’ ಎಂದು ತಪ್ಪಾಗಿ ಅಚ್ಚು ಹಾಕಿತು.

ತರ್ಕ ತಪ್ಪು, ಫಲಿತಾಂಶ ಅರ್ಧ ಸರಿ. ವಿಲೋ ತೊಗಟೆ ಮಲೇರಿಯಾದ ಪರೋಪಜೀವಿಯನ್ನು ಕೊಲ್ಲುವುದಿಲ್ಲ; ಜ್ವರವನ್ನು ಮಾತ್ರ ಇಳಿಸುತ್ತದೆ. ಚಳಿಜ್ವರವಾದರೋ ಬಂದು ಹೋಗುವ ಜ್ವರ. ತೊಗಟೆ ಕೊಡದಿದ್ದರೂ ಇವರಲ್ಲಿ ಎಷ್ಟು ಮಂದಿಗೆ ಜ್ವರ ಬಿಡುತ್ತಿತ್ತು ಎಂದು ಸ್ಟೋನ್ ಕೇಳಿಕೊಳ್ಳಲಿಲ್ಲ. ಹಾಗೆ ಕೇಳುವ ವಿಧಾನ ಆ ಕಾಲಕ್ಕೆ ಇರಲೇ ಇಲ್ಲ ಎನ್ನುವಂತಿಲ್ಲ. ಅದಕ್ಕೆ 16 ವರ್ಷ ಮೊದಲು, 1747ರಲ್ಲಿ, ಹಡಗಿನ ವೈದ್ಯ ಜೇಮ್ಸ್ ಲಿಂಡ್ ಸ್ಕರ್ವಿ ತಗುಲಿದ 12 ನಾವಿಕರನ್ನು ಆರು ಜೋಡಿಗಳಾಗಿ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಚಿಕಿತ್ಸೆ ಕೊಟ್ಟು, ಕಿತ್ತಳೆ ನಿಂಬೆ ತಿಂದ ಜೋಡಿ ಬೇಗ ಚೇತರಿಸಿಕೊಂಡದ್ದನ್ನು ಕಂಡಿದ್ದರು. ಹೋಲಿಸಿ ನೋಡುವ ಈ ಸರಳ ಉಪಾಯ ನೋವಿನ ಮದ್ದುಗಳವರೆಗೆ ಬರಲು ಇನ್ನೂ ಇನ್ನೂರು ವರ್ಷ ಬೇಕಾಯಿತು.

ತೊಗಟೆಯ ಸಾರವನ್ನು 1828ರಲ್ಲಿ ಮ್ಯೂನಿಕ್‌ನ ಯೋಹಾನ್ ಬುಕ್ನರ್ ಬೇರ್ಪಡಿಸಿ ‘ಸ್ಯಾಲಿಸಿನ್’ ಎಂದು ಕರೆದರು. 1838ರಲ್ಲಿ ಇಟಲಿಯ ರಫಯೇಲೆ ಪಿರಿಯಾ ಅದರಿಂದ ಸ್ಯಾಲಿಸಿಲಿಕ್ ಆಮ್ಲ ಪಡೆದರು. ಮುಂದೆ ಹರ್ಮನ್ ಕೋಲ್ಬೆ ಫೀನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್‌ಗಳಿಂದಲೇ ಈ ಆಮ್ಲವನ್ನು ಸಂಶ್ಲೇಷಿಸುವ ವಿಧಾನ ರೂಪಿಸಿದರು. 1874ರಲ್ಲಿ ಡ್ರೆಸ್ಡೆನ್‌ನಲ್ಲಿ ಅದರ ಕಾರ್ಖಾನೆಯೇ ಆರಂಭವಾಯಿತು. ಮರದ ಹಂಗು ತಪ್ಪಿ ಬೆಲೆ ಬಿತ್ತು. 1876ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ವೈದ್ಯ ಥಾಮಸ್ ಮೆಕ್ಲಾಗನ್ ಸ್ಯಾಲಿಸಿನ್ ಅನ್ನು ಮೊದಲು ತಾನೇ ಸೇವಿಸಿ ನೋಡಿ, ಬಳಿಕ ರುಮ್ಯಾಟಿಕ್ ಜ್ವರದ ರೋಗಿಗಳಿಗೆ ಕೊಟ್ಟರು. ಊದಿದ ಕೀಲುಗಳ ನೋವು ಇಳಿಯಿತು. ಜ್ವರದ ಮದ್ದು ಹೀಗೆ ‘ವಾತ’ದ ಮದ್ದೂ ಆಯಿತು.

ಸೊಂಟಕ್ಕೆ ಅದು ಹರಿದು ಬಂದ ಕಾಲುವೆ ಇದೇ. ಆ ಕಾಲದ ಯುರೋಪಿನಲ್ಲಿ ಸೊಂಟನೋವಿಗೆ ‘ಲಂಬೇಗೊ’ ಎಂಬ ಹೆಸರಿತ್ತು. ಅದನ್ನು ಕೀಲುವಾತದ ತಮ್ಮನೆಂದೇ ಭಾವಿಸಿದ್ದರು. 1904ರಲ್ಲಿ ಲಂಡನ್ನಿನ ಪ್ರಸಿದ್ಧ ನರರೋಗತಜ್ಞ ವಿಲಿಯಂ ಗೋವರ್ಸ್ ಲಂಬೇಗೊ ಕುರಿತ ಉಪನ್ಯಾಸದಲ್ಲಿ, ಸ್ನಾಯುಗಳ ನಾರು ಅಂಗಾಂಶದ ಉರಿಯೂತವೇ ಇದಕ್ಕೆ ಕಾರಣವೆಂದು ವಾದಿಸಿ ‘ಫೈಬ್ರೊಸೈಟಿಸ್’ ಎಂಬ ಹೊಸ ಪದವನ್ನೇ ಟಂಕಿಸಿದರು. ಅಂಥ ಉರಿಯೂತ ಸೂಕ್ಷ್ಮದರ್ಶಕದಡಿ ಸಿಗಲಿಲ್ಲ. ಆದರೆ ಉರಿಯೂತದ ರೋಗಕ್ಕೆ ಉರಿಯೂತ ಶಾಮಕ ಎಂಬ ಲೆಕ್ಕ ಉಳಿದುಕೊಂಡಿತು. 1934ರಲ್ಲಿ ಬಾಸ್ಟನ್ನಿನ ವಿಲಿಯಂ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್ ಕಶೇರುಮಣಿಗಳ ನಡುವಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತುವುದನ್ನು ತೋರಿಸಿದ ಮೇಲೆ ಎಲ್ಲ ಬೆನ್ನುನೋವಿಗೂ ‘ಡಿಸ್ಕ್ ಜಾರಿದೆ’ ಎನ್ನುವ ಕಾಲ ಬಂತು. ಅದೂ ಪೂರ್ತಿ ನಿಲ್ಲಲಿಲ್ಲ. 1994ರಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂ.ಆರ್.ಐ. ಚಿತ್ರ ತೆಗೆದಾಗ, ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದವರು ಶೇಕಡ 36 ಮಾತ್ರ!

ಆಸ್ಪಿರಿನ್: ಯಾರದು ಕೀರ್ತಿ?

ಸ್ಯಾಲಿಸಿಲಿಕ್ ಆಮ್ಲ ಹೊಟ್ಟೆಯನ್ನು ಸುಡುತ್ತದೆ. ಅದರ ಅಣುವಿನಲ್ಲಿ ಬೆಂಜೀನ್ ಉಂಗುರಕ್ಕೆ ಒಂದು ಕಾರ್ಬಾಕ್ಸಿಲ್ ಗುಂಪು, ಪಕ್ಕದಲ್ಲೇ ಒಂದು ಹೈಡ್ರಾಕ್ಸಿಲ್ ಗುಂಪು ಅಂಟಿಕೊಂಡಿವೆ. ಹೈಡ್ರಾಕ್ಸಿಲ್‌ನ ಹೈಡ್ರೊಜನ್ ಜಾಗದಲ್ಲಿ ಅಸಿಟೈಲ್ ಗುಂಪನ್ನು ಕೂರಿಸಿದರೆ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲ ಸಿಗುತ್ತದೆ. 1853ರಲ್ಲೇ ಫ್ರಾನ್ಸಿನ ಷಾರ್ಲ್ ಗೆರಾರ್ಟ್ ಇದನ್ನು ಅಶುದ್ಧ ರೂಪದಲ್ಲಿ ತಯಾರಿಸಿ ಕೈಬಿಟ್ಟಿದ್ದರು. 1897ರ ಆಗಸ್ಟಿನಲ್ಲಿ ಜರ್ಮನಿಯ ಬಾಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಶುದ್ಧ ರೂಪದಲ್ಲಿ ಪಡೆದರು. 1899ರಲ್ಲಿ ‘ಆಸ್ಪಿರಿನ್’ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದೇ ಹಾಫ್‌ಮನ್ ಅದೇ ತಿಂಗಳಲ್ಲಿ ಮಾರ್ಫಿನ್‌ಗೂ ಅಸಿಟೈಲ್ ಗುಂಪು ಸೇರಿಸಿದರು. ಆ ಉತ್ಪನ್ನಕ್ಕೆ ಕಂಪನಿ ಇಟ್ಟ ಹೆಸರು ‘ಹೆರಾಯಿನ್’.

ಹಾಫ್‌ಮನ್ ತಮ್ಮ ತಂದೆಯ ವಾತದ ನೋವು ನೋಡಲಾರದೆ ಆಸ್ಪಿರಿನ್ ಮಾಡಿದರೆಂಬ ಕಥೆಯನ್ನು ನೀವು ಪಠ್ಯಪುಸ್ತಕಗಳಲ್ಲಿ ಓದಿರಬಹುದು. ಆ ಕಥೆ ಮುದ್ರಣದಲ್ಲಿ ಕಾಣಿಸಿಕೊಂಡದ್ದು 1934ರಲ್ಲಿ, ಹಿಟ್ಲರನ ಜರ್ಮನಿಯಲ್ಲಿ. ಬಾಯರ್‌ನಲ್ಲಿ ಹಾಫ್‌ಮನ್ ಜೊತೆಗಿದ್ದ ಆರ್ಥರ್ ಐಖೆನ್‌ಗ್ರ್ಯೂನ್ ಎಂಬ ಯಹೂದಿ ರಸಾಯನವಿಜ್ಞಾನಿ ಥೆರೇಸಿಯನ್‌ಸ್ಟಾಟ್ ಯಾತನಾ ಶಿಬಿರದಿಂದ ಬದುಕಿ ಬಂದು, 1949ರಲ್ಲಿ, ಕೆಲಸ ನಡೆದದ್ದು ತನ್ನ ಸೂಚನೆಯಂತೆ ಎಂದು ಬರೆದರು. ಅದೇ ವರ್ಷ ತೀರಿಕೊಂಡರು. 2000ದಲ್ಲಿ ವಾಲ್ಟರ್ ಸ್ನೀಡರ್ ಎಂಬ ಇತಿಹಾಸಕಾರ ದಾಖಲೆಗಳನ್ನು ಪರಿಶೀಲಿಸಿ ಐಖೆನ್‌ಗ್ರ್ಯೂನ್ ಮಾತೇ ನಂಬಲರ್ಹವೆಂದರು. ಬಾಯರ್ ಕಂಪನಿ ಒಪ್ಪಲಿಲ್ಲ. ತರಗತಿಯಲ್ಲಿ ಆಸ್ಪಿರಿನ್ ಕಥೆ ಹೇಳುವಾಗ ಎರಡು ಹೆಸರುಗಳನ್ನೂ ಹೇಳುವುದು ನ್ಯಾಯವೆಂದು ನನಗನ್ನಿಸುತ್ತದೆ.

ತಪ್ಪು ಸೀಸೆಯಿಂದ ಬಂದ ಮದ್ದು

ಪ್ಯಾರಾಸಿಟಮಾಲ್ ಕಥೆ ಶುರುವಾಗುವುದು ಒಂದು ಎಡವಟ್ಟಿನಿಂದ. 1886ರಲ್ಲಿ ಸ್ಟ್ರಾಸ್‌ಬರ್ಗ್‌ನ ಆಸ್ಪತ್ರೆಯೊಂದರಲ್ಲಿ ಆರ್ನಾಲ್ಡ್ ಕಾನ್ ಮತ್ತು ಪೌಲ್ ಹೆಪ್ ಎಂಬ ಕಿರಿಯ ವೈದ್ಯರು ಹೊಟ್ಟೆಹುಳುವಿಗೆ ನ್ಯಾಫ್ತಲೀನ್ ಕೊಡುತ್ತಿದ್ದರು (ಹೌದು, ನುಸಿಗುಳಿಗೆಯ ನ್ಯಾಫ್ತಲೀನೇ). ಹುಳು ಹೋಗಲಿಲ್ಲ, ಆದರೆ ಒಬ್ಬ ರೋಗಿಯ ಜ್ವರ ಇಳಿಯಿತು. ಸೀಸೆಯನ್ನು ಮೂಸಿ ನೋಡಿದರೆ ನ್ಯಾಫ್ತಲೀನ್ ವಾಸನೆಯೇ ಇಲ್ಲ. ಪರೀಕ್ಷಿಸಿದಾಗ ಒಳಗಿದ್ದದ್ದು ಅಸಿಟಾನಿಲೈಡ್ ಎಂದು ಗೊತ್ತಾಯಿತು. ಅದು ‘ಆಂಟಿಫೆಬ್ರಿನ್’ ಹೆಸರಿನಲ್ಲಿ ಜ್ವರದ ಮದ್ದಾಯಿತು, ನೋವಿಗೂ ಬಳಕೆಯಾಯಿತು. ಆದರೆ ಕೆಲವು ರೋಗಿಗಳ ತುಟಿ, ಚರ್ಮ ನೀಲಿಗಟ್ಟುತ್ತಿದ್ದವು. ರಕ್ತದ ಹೀಮೊಗ್ಲೋಬಿನ್ ಆಮ್ಲಜನಕ ಹೊರಲಾರದ ಮೆಟ್‌ಹೀಮೊಗ್ಲೋಬಿನ್ ಆಗಿ ಬದಲಾಗುತ್ತಿದ್ದುದೇ ಕಾರಣ. ಮರುವರ್ಷ ಬಾಯರ್ ಕಂಪನಿ ಇದೇ ಜಾತಿಯ ಫೆನಾಸಿಟಿನ್ ತಂದಿತು. ಮುಂದಿನ ಸುಮಾರು ನೂರು ವರ್ಷ ಅದು ತಲೆನೋವು, ಸೊಂಟನೋವಿನ ಪುಡಿ ಮಾತ್ರೆಗಳಲ್ಲಿ ಉಳಿಯಿತು. ಅದನ್ನು ವರ್ಷಗಟ್ಟಲೆ ನುಂಗಿದವರ ಮೂತ್ರಪಿಂಡಗಳು ಹಾಳಾಗುತ್ತವೆಂಬುದು 20ನೇ ಶತಮಾನದ ನಡುವಿನಿಂದ ಬಯಲಾಗುತ್ತ ಬಂತು. ಅಮೆರಿಕದ ಮಾರುಕಟ್ಟೆಯಿಂದ ಅದು ಹೊರಬಿದ್ದದ್ದು 1983ರಲ್ಲಿ.

ಇವೆರಡರ ಸೋದರ ಪ್ಯಾರಾಸಿಟಮಾಲ್ ಅನ್ನು 1893ರಲ್ಲೇ ಯೋಸೆಫ್ ಫಾನ್ ಮೇರಿಂಗ್ ರೋಗಿಗಳ ಮೇಲೆ ಪರೀಕ್ಷಿಸಿ, ಅದೂ ರಕ್ತವನ್ನು ಕೆಡಿಸುತ್ತದೆಂದು ಬದಿಗಿಟ್ಟಿದ್ದರು. ಅರ್ಧ ಶತಮಾನ ಅದನ್ನು ಕೇಳುವವರಿರಲಿಲ್ಲ. 1948ರಲ್ಲಿ ನ್ಯೂಯಾರ್ಕಿನ ಬರ್ನಾರ್ಡ್ ಬ್ರೋಡಿ ಮತ್ತು ಜೂಲಿಯಸ್ ಆಕ್ಸೆಲ್‌ರಾಡ್ ಅಸಿಟಾನಿಲೈಡ್ ದೇಹದೊಳಗೆ ಏನಾಗುತ್ತದೆಂದು ಹುಡುಕಿದಾಗ, ಅದರ ಬಹುಭಾಗ ಪ್ಯಾರಾಸಿಟಮಾಲ್ ಆಗಿ ಬದಲಾಗುವುದು, ನೋವು ಇಳಿಸುವುದು ಅದೇ ಎಂಬುದು, ನೀಲಿಗಟ್ಟಿಸುವುದು ಬೇರೊಂದು ಪದಾರ್ಥ ಎಂಬುದು ತಿಳಿಯಿತು. ಆಕ್ಸೆಲ್‌ರಾಡ್ ಆಗ ಪಿಎಚ್.ಡಿ. ಇಲ್ಲದ ಪ್ರಯೋಗಾಲಯ ಸಹಾಯಕ. 1970ರಲ್ಲಿ ಬೇರೆ ಸಂಶೋಧನೆಗಾಗಿ ನೊಬೆಲ್ ಪಡೆದರು. 1950ರ ದಶಕದಲ್ಲಿ ಪ್ಯಾರಾಸಿಟಮಾಲ್ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಮಾರುಕಟ್ಟೆಗೆ ಬಂತು. ಹೊಟ್ಟೆ ಸುಡುವುದಿಲ್ಲ, ಅಗ್ಗ. ಎಲ್ಲ ನೋವಿಗೂ ಮೊದಲು ಇದನ್ನೇ ಕೊಡಿ ಎಂಬುದು ವಾಡಿಕೆಯಾಯಿತು. ಆದರೂ ಮಿತಿ ಮೀರಿದರೆ ಯಕೃತ್ತಿಗೆ ವಿಷ ಎಂಬುದನ್ನು ಮರೆಯಬಾರದು: ವಯಸ್ಕರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ. ಶೀತದ ಮಾತ್ರೆ, ಜ್ವರದ ಮಾತ್ರೆ, ಸೊಂಟದ ಮಾತ್ರೆ ಮೂರರಲ್ಲೂ ಅದೇ ಇದ್ದರೆ ಲೆಕ್ಕ ತಪ್ಪುವುದು ಸುಲಭ.

ನಾಟಿಂಗ್‌ಹ್ಯಾಮ್, ಬಾಸೆಲ್, ರಾಮನಗರ

ರುಮಟಾಯ್ಡ್ ಸಂಧಿವಾತದವರು ಆಸ್ಪಿರಿನ್ ಅನ್ನು ಹಿಡಿಗಟ್ಟಲೆ ನುಂಗಬೇಕಿತ್ತು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರುತ್ತಿತ್ತು. 1953ರಲ್ಲಿ ಬ್ರಿಟನ್ನಿನ ಬೂಟ್ಸ್ ಕಂಪನಿಯ ಸ್ಟ್ಯೂವರ್ಟ್ ಆಡಮ್ಸ್ ಇದಕ್ಕೆ ಬದಲಿ ಹುಡುಕಲು ಹೊರಟರು. 16ನೇ ವಯಸ್ಸಿನಲ್ಲಿ ಶಾಲೆ ಬಿಟ್ಟು ಔಷಧದ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ್ದವರು ಅವರು, ಓದಿದ್ದು ಆಮೇಲೆ. ನಾಟಿಂಗ್‌ಹ್ಯಾಮ್ ಬಳಿ ಹಳೆಯ ಮನೆಯೊಂದರ ಮುಂಗೋಣೆಯೇ ಆರಂಭದ ಪ್ರಯೋಗಾಲಯ. ಗಿನಿಹಂದಿಯ ಕೂದಲು ಬೋಳಿಸಿದ ಚರ್ಮಕ್ಕೆ ಅತಿನೇರಳೆ ಬೆಳಕು ಬೀರಿ, ಯಾವ ಪದಾರ್ಥ ಕೊಟ್ಟರೆ ಅದು ಕೆಂಪಾಗುವುದು ತಡವಾಗುತ್ತದೆಂದು ನೋಡುವುದು ಪರೀಕ್ಷೆ. ರಸಾಯನವಿಜ್ಞಾನಿ ಜಾನ್ ನಿಕಲ್ಸನ್ ಜೊತೆ ಸೇರಿ ಅವರು ಹೀಗೆ 600ಕ್ಕೂ ಹೆಚ್ಚು ಸಂಯುಕ್ತಗಳನ್ನು ಜಾಲಾಡಿದರು. ಕೊನೆಗೆ ಸಿಕ್ಕಿದ್ದು ಐಬುಪ್ರೊಫೆನ್. 1969ರಲ್ಲಿ ಬ್ರಿಟನ್ನಿನಲ್ಲಿ ವೈದ್ಯರ ಚೀಟಿಯ ಮದ್ದಾಗಿ ಬಂತು. ಮಾಸ್ಕೋದ ಸಮ್ಮೇಳನವೊಂದರಲ್ಲಿ ಹಿಂದಿನ ರಾತ್ರಿಯ ಕುಡಿತದಿಂದ ತಲೆ ಸಿಡಿಯುತ್ತಿದ್ದಾಗ 600 ಮಿಲಿಗ್ರಾಂ ನುಂಗಿ ವೇದಿಕೆ ಹತ್ತಿದ್ದನ್ನು ಆಡಮ್ಸ್ ತಾವೇ ಹೇಳಿಕೊಂಡಿದ್ದರು. 2019ರಲ್ಲಿ, 95ನೇ ವಯಸ್ಸಿನಲ್ಲಿ ನಿಧನರಾದರು.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸೀಬಾ-ಗೈಗಿ ಕಂಪನಿ ಇದೇ ಗುರಿಯಿಂದ ತಯಾರಿಸಿದ್ದು ಡೈಕ್ಲೋಫೆನಾಕ್. ಅದು ಮೊದಲು ಮಾರುಕಟ್ಟೆ ಕಂಡದ್ದು 1970ರ ದಶಕದ ಜಪಾನಿನಲ್ಲಿ. ನಮ್ಮ 1970ರ ಪೇಟೆಂಟ್ ಕಾಯಿದೆ ಔಷಧ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು, ಔಷಧಕ್ಕಲ್ಲ. ಆದ್ದರಿಂದ ಭಾರತದ ಅನೇಕ ಕಂಪನಿಗಳು ಅಗ್ಗದಲ್ಲಿ ಡೈಕ್ಲೋಫೆನಾಕ್ ತಯಾರಿಸಿದವು. ಮನುಷ್ಯರ ಸೊಂಟಕ್ಕೂ ಬಂತು, ಕುಂಟುವ ಎತ್ತಿಗೂ ಬಂತು. 1990ರ ದಶಕದಲ್ಲಿ ರಣಹದ್ದುಗಳು ಉದುರತೊಡಗಿದವು. 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ ಕಾರಣ ಸಿಕ್ಕಿತು: ಡೈಕ್ಲೋಫೆನಾಕ್ ಪಡೆದು ಸತ್ತ ದನದ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು, ಒಳ ಅಂಗಗಳ ಮೇಲೆಲ್ಲ ಯೂರಿಕ್ ಆಮ್ಲದ ಬಿಳಿ ಪದರ ಕಟ್ಟುತ್ತಿತ್ತು. ಬಿಳಿ ಬೆನ್ನಿನ ರಣಹದ್ದು ಭಾರತದಲ್ಲಿ ಶೇಕಡ 99ಕ್ಕೂ ಹೆಚ್ಚು ಕಡಿಮೆಯಾಗಿತ್ತು. 2006ರಲ್ಲಿ ಜಾನುವಾರು ಬಳಕೆಯ ಡೈಕ್ಲೋಫೆನಾಕ್ ನಿಷೇಧವಾಯಿತು. ಆದರೂ ಮನುಷ್ಯರಿಗೆಂದು ಬರುವ ದೊಡ್ಡ ಸೀಸೆಗಳು ದನಗಳ ಕೊಟ್ಟಿಗೆ ಸೇರುತ್ತಿದ್ದುದರಿಂದ, 2015ರಲ್ಲಿ ಚುಚ್ಚುಮದ್ದಿನ ಸೀಸೆಯನ್ನು 3 ಮಿಲಿಲೀಟರ್‌ಗೆ ಇಳಿಸಲಾಯಿತು. ‘ಶೋಲೆ’ ಚಿತ್ರೀಕರಣದಿಂದ ಪ್ರಸಿದ್ಧವಾದ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾದದ್ದು ಈ ಹಿನ್ನೆಲೆಯಲ್ಲಿ. ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಾಗ ನೋವಿನ ಮಾತ್ರೆಯ ಪಟ್ಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡಿರಿ. ಪಾಠಕ್ಕೆ ಬೇರೆ ಉಪಕರಣ ಬೇಡ.

ಕಿಣ್ವದ ಸುರಂಗ

ಇಷ್ಟೆಲ್ಲ ಮದ್ದುಗಳು ಹೇಗೆ ಕೆಲಸ ಮಾಡುತ್ತವೆಂದು 1971ರವರೆಗೆ ಗೊತ್ತಿರಲಿಲ್ಲ. ಆ ವರ್ಷ ಲಂಡನ್ನಿನ ಜಾನ್ ವೇನ್, ಆಸ್ಪಿರಿನ್ ಮತ್ತು ಅದರ ಬಳಗ ದೇಹದಲ್ಲಿ ಪ್ರೊಸ್ಟಗ್ಲಾಂಡಿನ್‌ಗಳ ತಯಾರಿಕೆಯನ್ನು ತಡೆಯುತ್ತವೆಂದು ತೋರಿಸಿದರು. ಗಾಯವಾದಲ್ಲಿ ಊತ ತರುವ, ನರದ ತುದಿಗಳನ್ನು ಸೂಕ್ಷ್ಮಗೊಳಿಸುವ ಪದಾರ್ಥಗಳಿವು. ಇವನ್ನು ತಯಾರಿಸುವ ಕಿಣ್ವ ಸೈಕ್ಲೊಆಕ್ಸಿಜನೇಸ್, ಚಿಕ್ಕದಾಗಿ ಕಾಕ್ಸ್. ಕಿಣ್ವದೊಳಗೆ ಉದ್ದನೆಯ ಸುರಂಗವಿದೆ; ಕಚ್ಚಾವಸ್ತುವಾದ ಅರಾಕಿಡೋನಿಕ್ ಆಮ್ಲ ಅದರ ಮೂಲಕ ಒಳಹೋಗಬೇಕು. ಐಬುಪ್ರೊಫೆನ್ ಸುರಂಗದಲ್ಲಿ ತಾತ್ಕಾಲಿಕವಾಗಿ ಕೂತು ಎದ್ದುಹೋಗುತ್ತದೆ. ಆಸ್ಪಿರಿನ್ ತನ್ನ ಅಸಿಟೈಲ್ ಗುಂಪನ್ನು ಒಳಗಿನ ಸೀರಿನ್ ಎಂಬ ಅಮಿನೊ ಆಮ್ಲಕ್ಕೆ ಅಂಟಿಸಿ ದಾರಿಯನ್ನು ಶಾಶ್ವತವಾಗಿ ಮುಚ್ಚುತ್ತದೆ. 1982ರ ವೈದ್ಯಕೀಯ ನೊಬೆಲ್ ಅನ್ನು ವೇನ್ ಇಬ್ಬರು ಸ್ವೀಡಿಷ್ ವಿಜ್ಞಾನಿಗಳೊಂದಿಗೆ ಹಂಚಿಕೊಂಡರು.

1990ರ ದಶಕದ ಆರಂಭದಲ್ಲಿ ಕಾಕ್ಸ್ ಎರಡು ಬಗೆ ಎಂದು ತಿಳಿಯಿತು. ಕಾಕ್ಸ್-1 ಜಠರದ ಒಳಪೊರೆಯನ್ನು ಕಾಯುತ್ತದೆ. ಕಾಕ್ಸ್-2 ಮುಖ್ಯವಾಗಿ ಉರಿಯೂತದಲ್ಲಿ ಹೆಚ್ಚುತ್ತದೆ. ಸುರಂಗದ ಒಂದು ತಿರುವಿನಲ್ಲಿ ಕಾಕ್ಸ್-1ರಲ್ಲಿ ಐಸೊಲ್ಯೂಸಿನ್, ಕಾಕ್ಸ್-2ರಲ್ಲಿ ಅದಕ್ಕಿಂತ ಸ್ವಲ್ಪ ಚಿಕ್ಕದಾದ ವ್ಯಾಲಿನ್. ಈ ಒಂದು ಮೀಥೈಲ್ ಗುಂಪಿನಷ್ಟು ಜಾಗದಿಂದ ಕಾಕ್ಸ್-2ರಲ್ಲಿ ಪಕ್ಕದ ಕಿರುಕೋಣೆಯೊಂದು ತೆರೆದುಕೊಳ್ಳುತ್ತದೆ. ಆ ಕೋಣೆಗೇ ಹೊಂದುವ ಅಣು ಮಾಡಿದರೆ ನೋವು ಇಳಿಯುತ್ತದೆ, ಹೊಟ್ಟೆ ಉಳಿಯುತ್ತದೆ! ಸೆಲೆಕಾಕ್ಸಿಬ್ 1998ರ ಕೊನೆಯಲ್ಲಿ, ರೋಫೆಕಾಕ್ಸಿಬ್ 1999ರಲ್ಲಿ ಅಮೆರಿಕದ ಅನುಮತಿ ಪಡೆದವು. ಎರಡನೆಯದರ ವ್ಯಾಪಾರನಾಮ ವಯೋಕ್ಸ್.

ಇಲ್ಲಿ ಸ್ವಲ್ಪ ನಿಧಾನಿಸಿ. 2000ದಲ್ಲಿ ಪ್ರಕಟವಾದ, 8 ಸಾವಿರಕ್ಕೂ ಹೆಚ್ಚು ಸಂಧಿವಾತ ರೋಗಿಗಳ ಪ್ರಯೋಗದಲ್ಲಿ ವಯೋಕ್ಸ್ ಪಡೆದವರಲ್ಲಿ ಶೇಕಡ 0.4 ಮಂದಿಗೆ ಹೃದಯಾಘಾತವಾಯಿತು. ಹಳೆಯ ಮದ್ದು ನಪ್ರಾಕ್ಸೆನ್ ಪಡೆದವರಲ್ಲಿ ಶೇಕಡ 0.1. ವಯೋಕ್ಸ್ ಹೃದಯಕ್ಕೆ ಕೆಟ್ಟದ್ದಲ್ಲ, ನಪ್ರಾಕ್ಸೆನ್ ಹೃದಯವನ್ನು ರಕ್ಷಿಸಿರಬೇಕು ಎಂದು ಕಂಪನಿ ವಿವರಿಸಿತು. ಎರಡು ಮದ್ದುಗಳನ್ನು ಪರಸ್ಪರ ಹೋಲಿಸಿದಾಗ ಈ ಎರಡೂ ವಿವರಣೆಗೆ ಜಾಗವಿದೆ. ಉತ್ತರ ಸಿಕ್ಕಿದ್ದು ಕರುಳಿನ ಗಂಟುಗಳ ಕುರಿತ ಬೇರೊಂದು ಪ್ರಯೋಗದಲ್ಲಿ, 2,586 ಜನರಲ್ಲಿ ಕೆಲವರಿಗೆ ವಯೋಕ್ಸ್, ಕೆಲವರಿಗೆ ಮದ್ದೇ ಇಲ್ಲದ ಹುಸಿಮಾತ್ರೆ ಕೊಟ್ಟಾಗ. ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ವಯೋಕ್ಸ್ ಗುಂಪಿನಲ್ಲಿ ಸುಮಾರು ಎರಡು ಪಟ್ಟು. 2004ರ ಸೆಪ್ಟೆಂಬರ್ 30ರಂದು ಅದನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಲಾಯಿತು. ಭಾರತ ಅದೇ ಡಿಸೆಂಬರಿನಲ್ಲಿ ನಿಷೇಧಿಸಿತು. ರಕ್ತನಾಳದ ಗೋಡೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಪ್ರೊಸ್ಟಸೈಕ್ಲಿನ್ ತಯಾರಾಗಲು ಕಾಕ್ಸ್-2 ಬೇಕು ಎಂಬುದೇ ಇದರ ಮೂಲ. ಈ ಪಾಠ ಹಳೆಯ ಮದ್ದುಗಳನ್ನೂ ಬಿಡಲಿಲ್ಲ: ಹೆಚ್ಚು ಪ್ರಮಾಣದ ಡೈಕ್ಲೋಫೆನಾಕ್ ಹೃದಯ ಮತ್ತು ರಕ್ತನಾಳದ ಅವಘಡಗಳನ್ನು ಸುಮಾರು ಮೂರನೇ ಒಂದರಷ್ಟು ಹೆಚ್ಚಿಸುತ್ತದೆಂದು 2013ರ ದೊಡ್ಡ ವಿಶ್ಲೇಷಣೆ ತೋರಿಸಿತು.

ಸಡಿಲಗೊಂಡ ಇಲಿಗಳು, ಐದು ವಾಕ್ಯಗಳ ಪತ್ರ

ಪಟ್ಟಿಯ ಮೂರನೇ ಹೆಸರಿಗೆ ಬರೋಣ. ನಾಜಿಗಳಿಂದ ತಪ್ಪಿಸಿಕೊಂಡು ಬ್ರಿಟನ್ನಿಗೆ ಬಂದಿದ್ದ ಫ್ರಾಂಕ್ ಬರ್ಗರ್, ಪೆನಿಸಿಲಿನ್ ಅನ್ನು ನಾಶಪಡಿಸುವ ಬ್ಯಾಕ್ಟೀರಿಯಗಳನ್ನು ಕೊಲ್ಲುವ ಸಂರಕ್ಷಕಕ್ಕಾಗಿ ಹುಡುಕುತ್ತಿದ್ದರು. ಒಂದು ಸಂಯುಕ್ತ ಕೊಟ್ಟಾಗ ಇಲಿಗಳು ಎಚ್ಚರವಿದ್ದೂ ಬಟ್ಟೆಯಂತೆ ಜೋತುಬಿದ್ದವು. 1946ರಲ್ಲಿ ಪ್ರಕಟವಾದ ಆ ಮದ್ದು ಮೆಫೆನೆಸಿನ್. ಮುಂದೆ ಅಮೆರಿಕದಲ್ಲಿ ಅವರು ಅದರಿಂದ ಮೊದಲು ಮೆಪ್ರೊಬಮೇಟ್ ಎಂಬ ಮನಶ್ಶಾಮಕ, 1959ರಲ್ಲಿ ಕ್ಯಾರಿಸೊಪ್ರೊಡಾಲ್ ಎಂಬ ‘ಸ್ನಾಯು ಸಡಿಲಿಕ’ವನ್ನು ಬೆಳೆಸಿದರು. ಇಂಥ ಮದ್ದುಗಳ ಕೆಲಸ ಬಹುತೇಕ ನಡೆಯುವುದು ಸೊಂಟದ ಸ್ನಾಯುವಿನಲ್ಲಲ್ಲ, ಮಿದುಳು ಮತ್ತು ಬೆನ್ನುಹುರಿಯಲ್ಲಿ. ಆದ್ದರಿಂದಲೇ ಇವುಗಳಲ್ಲಿ ಹಲವನ್ನು ನುಂಗಿ ಸ್ಕೂಟರ್ ಓಡಿಸಬಾರದು.

ಇನ್ನೊಂದು ಹಾದಿ ಅಫೀಮಿನದು. 1980ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದಕ್ಕೆ ಐದೇ ವಾಕ್ಯಗಳ ಪತ್ರವೊಂದು ಬಂತು: ಆಸ್ಪತ್ರೆಯಲ್ಲಿದ್ದಾಗ ಅಫೀಮಿನ ಜಾತಿಯ ಮದ್ದು ಪಡೆದ 11,882 ರೋಗಿಗಳಲ್ಲಿ ಚಟಕ್ಕೆ ಬಿದ್ದವರು ನಾಲ್ಕು ಮಂದಿ ಮಾತ್ರ ಎಂದು. ಮನೆಗೆ ಹೋಗಿ ತಿಂಗಳುಗಟ್ಟಲೆ ನುಂಗಿದವರ ಬಗ್ಗೆ ಅದು ಏನೂ ಹೇಳಿರಲಿಲ್ಲ. ಆದರೂ ಮುಂದಿನ ದಶಕಗಳಲ್ಲಿ 600ಕ್ಕೂ ಹೆಚ್ಚು ಲೇಖನಗಳು ಅದನ್ನು ಉಲ್ಲೇಖಿಸಿದವು, ಹೆಚ್ಚಿನವು ‘ಚಟದ ಭಯವಿಲ್ಲ’ ಎನ್ನುವುದಕ್ಕೆ. 1996ರಲ್ಲಿ ಪರ್ಡ್ಯೂ ಕಂಪನಿಯ ಆಕ್ಸಿಕಾಂಟಿನ್ ಬಂದಾಗ ಬೆನ್ನುನೋವಿನವರೂ ಅದರ ದೊಡ್ಡ ಗಿರಾಕಿಗಳಾದರು. ಚಟದ ಅಪಾಯದ ಬಗ್ಗೆ ದಾರಿತಪ್ಪಿಸಿದ್ದಾಗಿ 2007ರಲ್ಲಿ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 60 ಕೋಟಿ ಡಾಲರಿಗೂ ಹೆಚ್ಚು ತೆರಬೇಕಾಯಿತು. ಆ ವೇಳೆಗೆ ಅಮೆರಿಕದ ಊರೂರುಗಳಲ್ಲಿ ಸಾವುಗಳಾಗಿದ್ದವು. ನಮ್ಮ ದೇಶದ ದುಃಖ ಇದಕ್ಕೆ ತಿರುಗುಮುರುಗು: 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ಕ್ಯಾನ್ಸರ್ ನೋವಿನವರಿಗೂ ಮಾರ್ಫಿನ್ ಸಿಗುವುದು ದುರ್ಲಭವಾಗಿತ್ತು, 2014ರ ತಿದ್ದುಪಡಿ ದಾರಿಯನ್ನು ಸ್ವಲ್ಪ ಸುಗಮ ಮಾಡಿತು.

ಹುಸಿಮಾತ್ರೆಯ ತಕ್ಕಡಿ

ರೋಗಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಗುಂಪು ಮಾಡಿ, ಒಂದು ಗುಂಪಿಗೆ ಮದ್ದು, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಪ್ಲಾಸಿಬೊ ಎಂಬ ಹುಸಿಮಾತ್ರೆ ಕೊಟ್ಟು, ಯಾರಿಗೆ ಯಾವುದೆಂದು ವೈದ್ಯರಿಗೂ ತಿಳಿಯದಂತೆ ಫಲ ನೋಡುವ ವಿಧಾನ 20ನೇ ಶತಮಾನದ ಉತ್ತರಾರ್ಧದಲ್ಲಿ ನೆಲೆಯೂರಿತು. ಬೆನ್ನುನೋವಿನ ಮೇಲೆ ಇಂಥ ಹೋಲಿಕೆಯ ಬೆಳಕು ಬಿದ್ದಾಗ ಮೊದಲು ಅಲುಗಾಡಿದ್ದು ಮಾತ್ರೆಯಲ್ಲ, ಮಂಚ. ವಾರಗಟ್ಟಲೆ ಅಂಗಾತ ಮಲಗಿಸುವುದು ಆಗಿನ ಪದ್ಧತಿ. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೊ ಏಳು ದಿನ ಮಲಗುವುದಕ್ಕಿಂತ ಎರಡು ದಿನ ಮಲಗುವುದು ಯಾವ ರೀತಿಯಲ್ಲೂ ಕಡಿಮೆಯಲ್ಲ ಎಂದು ತೋರಿಸಿದರು. 1995ರಲ್ಲಿ ಹೆಲ್ಸಿಂಕಿಯ ಪ್ರಯೋಗದಲ್ಲಿ ಮಲಗದೆ, ಆದಷ್ಟು ಎಂದಿನಂತೆ ಓಡಾಡಿಕೊಂಡಿದ್ದವರೇ ಬೇಗ ಗುಣವಾದರು.

ಮಾತ್ರೆಗಳ ಸರದಿ ಆಮೇಲೆ. 2014ರಲ್ಲಿ ಸಿಡ್ನಿಯ ಸಂಶೋಧಕರು ಹೊಸ ಬೆನ್ನುನೋವಿನ ಸುಮಾರು 1,650 ರೋಗಿಗಳನ್ನು ಮೂರು ಗುಂಪು ಮಾಡಿದರು: ದಿನವೂ ಪೂರ್ತಿ ಪ್ರಮಾಣದ ಪ್ಯಾರಾಸಿಟಮಾಲ್, ನೋವು ಬಂದಾಗ ಮಾತ್ರ ಪ್ಯಾರಾಸಿಟಮಾಲ್, ಬರೀ ಹುಸಿಮಾತ್ರೆ. ಗುಣವಾಗಲು ಹಿಡಿದ ಮಧ್ಯಕ ಅವಧಿ ಕ್ರಮವಾಗಿ 17, 17 ಮತ್ತು 16 ದಿನ. ಅಂದರೆ ಜಗತ್ತಿನ ಮಾರ್ಗಸೂಚಿಗಳೆಲ್ಲ ದಶಕಗಳ ಕಾಲ ಮೊದಲ ಸ್ಥಾನ ಕೊಟ್ಟಿದ್ದ ಮದ್ದು ಹೊಸ ಬೆನ್ನುನೋವಿನಲ್ಲಿ ಒಂದು ದಿನವನ್ನೂ ಉಳಿಸಲಿಲ್ಲ. ಮರುವರ್ಷ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 323 ಜನರ ಮೇಲೆ ನಡೆದ ಪ್ರಯೋಗದಲ್ಲಿ, ನಪ್ರಾಕ್ಸೆನ್ ಜೊತೆಗೆ ಸ್ನಾಯು ಸಡಿಲಿಕವನ್ನೋ ಅಫೀಮು ಜಾತಿಯ ಮದ್ದನ್ನೋ ಸೇರಿಸಿದರೂ ನಪ್ರಾಕ್ಸೆನ್ ಒಂದನ್ನೇ ಕೊಟ್ಟದ್ದಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಕಾಲಿಗೆ ಇಳಿಯುವ ಸಯಾಟಿಕಾ ನೋವಿಗೆ ಧಾರಾಳವಾಗಿ ಬರೆಯುವ ಪ್ರಿಗಾಬಲಿನ್ 2017ರಲ್ಲಿ ಹುಸಿಮಾತ್ರೆಯನ್ನು ಮೀರಲಿಲ್ಲ. 2023ರಲ್ಲಿ ಸಿಡ್ನಿಯಲ್ಲೇ 347 ಜನರಲ್ಲಿ, ಹೊಸ ಬೆನ್ನು-ಕತ್ತುನೋವಿಗೆ ಆಕ್ಸಿಕೊಡೋನ್ ಕೊಟ್ಟಾಗ ಆರು ವಾರಗಳ ಕೊನೆಗೆ ಹುಸಿಮಾತ್ರೆಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ಪರ್ಡ್ಯೂ ಕಂಪನಿಯ ಮಾತ್ರೆ ಬಂದು 27 ವರ್ಷಗಳಾದ ಮೇಲೆ ಈ ಉತ್ತರ ಸಿಕ್ಕಿತು.

ಹಾಗಾದರೆ ಉಳಿದದ್ದೇನು? ಐಬುಪ್ರೊಫೆನ್, ನಪ್ರಾಕ್ಸೆನ್, ಡೈಕ್ಲೋಫೆನಾಕ್‌ಗಳ ಬಳಗ ಹುಸಿಮಾತ್ರೆಗಿಂತ ಮೇಲು ಹೌದು, ಆದರೆ ಅಂತರ ಕಿರಿದು. 2017ರ ಸಮಗ್ರ ವಿಶ್ಲೇಷಣೆಯ ಪ್ರಕಾರ ಆರು ಜನ ನುಂಗಿದರೆ ಅವರಲ್ಲಿ ಒಬ್ಬರಿಗೆ ಮಾತ್ರ ಹುಸಿಮಾತ್ರೆಯಿಂದ ಸಿಗದಿದ್ದ ಗಮನಾರ್ಹ ಉಪಶಮನ ಸಿಗುತ್ತದೆ. ಆ ಒಬ್ಬರು ನೀವೇ ಇರಬಹುದು; ಆದ್ದರಿಂದ ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನ, ವೈದ್ಯರನ್ನು ಕೇಳಿ ತೆಗೆದುಕೊಳ್ಳುವುದರಲ್ಲಿ ಅರ್ಥವಿದೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದ್ರೋಗ, ರಕ್ತದೊತ್ತಡ ಇದ್ದವರು ಅಂಗಡಿಯಿಂದ ನೇರವಾಗಿ ಕೊಳ್ಳಲೇಬಾರದು. ಬೆನ್ನುನೋವಿನೊಂದಿಗೆ ಜ್ವರ, ಕಾಲಿನಲ್ಲಿ ಬಲಹೀನತೆ, ಮಲಮೂತ್ರದ ಹಿಡಿತ ತಪ್ಪುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಬಿದ್ದು ಪೆಟ್ಟಾಗಿರುವುದು, ಇವುಗಳಲ್ಲಿ ಯಾವುದಿದ್ದರೂ ಮಾತ್ರೆಯ ಮಾತು ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಮ್ಮಜ್ಜಿಯರು ಲಕ್ಕಿ ಸೊಪ್ಪನ್ನು ಬಿಸಿಮಾಡಿ ಕೊಡುತ್ತಿದ್ದ ಶಾಖದ ಬಗ್ಗೆ ಕೇಳುವಿರಾದರೆ, ಸೊಪ್ಪಿನ ಗುಣ ಹೇಗೋ ಏನೋ, ಬಿಸಿಗೆ ಮಾತ್ರ ಹೊಸ ನೋವಿನಲ್ಲಿ ಅಲ್ಪಕಾಲದ ಉಪಶಮನ ಕೊಡುವ ಶಕ್ತಿಯಿದೆ.

2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂರು ತಿಂಗಳು ಮೀರಿದ ಬೆನ್ನುನೋವಿಗೆ ತನ್ನ ಮೊದಲ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ತಿಳಿವಳಿಕೆ, ಮನೋಚಿಕಿತ್ಸೆ ಮುಂತಾದವುಗಳ ಜೊತೆ ಉರಿಯೂತ ಶಾಮಕಗಳಿಗೆ ಷರತ್ತಿನ ಒಪ್ಪಿಗೆ ಇದೆ. ಅಫೀಮು ಜಾತಿಯವು ಬೇಡ, ಸ್ನಾಯು ಸಡಿಲಿಕಗಳು ಬೇಡ. ಮೂಲಿಕೆಗಳಲ್ಲಿ ಮೆಣಸಿನಕಾಯಿಯ ಸಾರದ ಲೇಪಕ್ಕೆ ಷರತ್ತಿನ ಒಪ್ಪಿಗೆ ಸಿಕ್ಕಿದೆ. ಬೇಡವೆಂದವುಗಳ ಸಾಲಿನಲ್ಲಿ ಪಾದ್ರಿ ಸ್ಟೋನ್ ಅಗಿದು ನೋಡಿದ ಬಿಳಿ ವಿಲೋ ಕೂಡ ಇದೆ.

ಹುಡುಕಾಟ ನಿಂತಿಲ್ಲ. ನೋವಿನ ನರತಂತುಗಳಲ್ಲಿರುವ ಸೋಡಿಯಂ ಕಾಲುವೆಯೊಂದನ್ನು ಮಾತ್ರ ಮುಚ್ಚುವ, ಚಟ ಹಿಡಿಸದು ಎನ್ನಲಾದ ಸುಜೆಟ್ರಿಜಿನ್ ಎಂಬ ಹೊಸ ಬಗೆಯ ಮದ್ದಿಗೆ 2025ರ ಜನವರಿಯಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಅದು ಅಲ್ಪಕಾಲದ ತೀವ್ರ ನೋವಿಗೆ. ಅದಕ್ಕೆ ಒಂದು ತಿಂಗಳು ಮೊದಲು, ಸೊಂಟದ ನರ ಒತ್ತಿ ಬರುವ ನೋವಿನ ರೋಗಿಗಳಲ್ಲಿ ಅದರ ಎರಡನೇ ಹಂತದ ಪ್ರಯೋಗದ ಫಲಿತಾಂಶ ಬಂದಿತ್ತು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಮದ್ದು ಪಡೆದವರ ನೋವು ಸರಾಸರಿ 2.02 ಅಂಶ ಇಳಿಯಿತು. ಹುಸಿಮಾತ್ರೆ ಪಡೆದವರದು 1.98.